ಮೊಲದ ಮರಿಗೆ ಟ್ರೇ ರೂಢಿ ಮಾಡಿಸುವುದು

ಮೊಲ ಹುಲ್ಲು ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಮುಂದೆ ಬಾಯಿ ಅಗಿಯುತ್ತಿರುತ್ತದೆ, ಹಿಂದೆ ಕಂದು ಗುಂಡುಗಳು ಒಂದೊಂದಾಗಿ ಬೀಳುತ್ತಿರುತ್ತವೆ. ಇದನ್ನು ಗಮನಿಸಿದವರಿಗೆ, ಹಿಕ್ಕೆ ಉಚ್ಚೆಗೆ ಅಂತ ಇಟ್ಟ ಟ್ರೇಯನ್ನು ಮರಿಗೆ ರೂಢಿ ಮಾಡಿಸುವುದು ಕಷ್ಟವಾಗುವುದಿಲ್ಲ. ಹುಲ್ಲು ಎಲ್ಲಿದೆಯೋ ಟ್ರೇ ಅಲ್ಲಿರಬೇಕು. ಮಿಕ್ಕ ಉಪಾಯಗಳೆಲ್ಲ ಇದರ ನಂತರ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮುಂದಿನ ರೂಮಿನಲ್ಲಿ ಮಿಷನ್, ಕಟಿಂಗ್ ಟೇಬಲ್, ಗಿರಾಕಿಗಳ ಬ್ಲೌಸ್ ಪೀಸು, ಫಾಲ್ಸ್ ಹಾಕಲು ಬಂದ ಸೀರೆ. ಅದೇ ರೂಮಿನಲ್ಲಿ ಮೊಲಗಳೂ ಇವೆ. ದೊಡ್ಡವಳು ಮಲ್ಲಿ, ಈಗ ಬಂದಿರುವ ಗಂಡು ಮರಿ ಕಡ್ಲೆ. ಬೇರೆಯವರ ಮನೆಯಲ್ಲಿ ಮೊಲ ಒಂದು ಮೂಲೆ ಒದ್ದೆ ಮಾಡಿದರೆ ಒರೆಸಿಕೊಂಡು ಸುಮ್ಮನಾಗಬಹುದು. ನನ್ನ ಮನೆಯಲ್ಲಿ ಅದು ಯಾರದೋ ಮದುವೆಯ ರೇಷ್ಮೆ ಸೀರೆ ಆಗಿರಬಹುದು ಅಲ್ವಾ? ಹಾಗಂತ ಮೊಲವನ್ನು ದಿನವಿಡೀ ಪಂಜರದಲ್ಲಿ ಕೂರಿಸುವುದು ನನಗೆ ಆಗದ ಮಾತು. ಅದಕ್ಕೇ ಈ ವಿಷಯವನ್ನು ತುಂಬಾ ಶ್ರದ್ಧೆಯಿಂದ ಕಲಿತೆ.

ನಾವು ಸಾಕುವ ಮೊಲಗಳೆಲ್ಲ ಯುರೋಪಿನ ಕಾಡುಮೊಲದ ವಂಶ. ಅವು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಇರುತ್ತವೆ. ಹೊರಗೆ ಕೆಲವು ಜಾಗಗಳನ್ನು ಗೊತ್ತು ಮಾಡಿಕೊಂಡು, ಎಲ್ಲವೂ ಅಲ್ಲೇ ಬಂದು ಹಿಕ್ಕೆ ಹಾಕುತ್ತವೆ. ಒಂದೇ ಜಾಗ ಹಿಡಿಯುವ ಈ ಬುದ್ಧಿ ನಿಮ್ಮ ಮರಿಗೆ ಹುಟ್ಟಿನಿಂದಲೇ ಇದೆ. ನೀವು ಹೊಸದಾಗಿ ಕಲಿಸಬೇಕಿಲ್ಲ, ಆ ಜಾಗ ಟ್ರೇ ಆಗುವಂತೆ ನೋಡಿಕೊಂಡರೆ ಸಾಕು. ನಮ್ಮ ಹೊಲ, ಕುರುಚಲು ಕಾಡಿನ ಮೊಲ ಬೇರೆ ಜಾತಿ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಮಲಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವ ಹಾಗಿಲ್ಲ. ಹೊಲದಲ್ಲಿ ಮರಿ ಒಂಟಿಯಾಗಿ ಕಂಡರೂ ಎತ್ತಿಕೊಂಡು ಬರಬೇಡಿ. ತಾಯಿ ದಿನಕ್ಕೆ ಒಂದೆರಡು ಸಲ ಮಾತ್ರ ಬಂದು ಹಾಲು ಕೊಟ್ಟು ಹೋಗುತ್ತದೆ.

ಮರಿಯ ವಯಸ್ಸು

ಮೊಲದ ಮರಿ ಎಂಟು ವಾರ ತಾಯಿಯ ಜೊತೆ ಇರಬೇಕು. ಆದರೆ ಅಂಗಡಿಗಳಲ್ಲಿ ಒಂದು ತಿಂಗಳ ಮರಿಯನ್ನೂ ಮಾರುತ್ತಾರೆ, ಅಂಗೈಯಲ್ಲಿ ಕೂರುವಷ್ಟು ಚಿಕ್ಕದು ಅಂತ ಜನರೂ ಇಷ್ಟಪಟ್ಟು ತರುತ್ತಾರೆ. ಅಂಥ ಮರಿ ನಿಮ್ಮ ಮನೆಗೆ ಬಂದಿದ್ದರೆ ಮೊದಲು ಅದು ಉಳಿಯಲಿ, ಟ್ರೇ ವಿಷಯ ಆಮೇಲೆ. ಅದರ ಹೊಟ್ಟೆ ಬಹಳ ನಾಜೂಕು. ಬೇದಿ ಶುರುವಾದರೆ ಒಂದೇ ದಿನದಲ್ಲಿ ಕೈ ಬಿಟ್ಟು ಹೋಗಬಹುದು.

ಎಂಟು ವಾರ ಆದ ಮೇಲೆ ಟ್ರೇ ಪಕ್ಕದಲ್ಲಿ ಇಡಲು ಶುರು ಮಾಡಿ. ಆಗ ಅದು ಅರ್ಧ ಒಳಗೆ ಅರ್ಧ ಹೊರಗೆ ಮಾಡುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆ ವಯಸ್ಸಿಗೆ ಅಷ್ಟೇ ಆಗುವುದು. ನಾಲ್ಕು ತಿಂಗಳ ಹೊತ್ತಿಗೆ ಪ್ರಾಯ ಬಂದು ಕಲಿತದ್ದೂ ಸ್ವಲ್ಪ ಹಾಳಾಗುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ವಯಸ್ಸಾದ ಮೊಲಕ್ಕೆ ಕಲಿಸಲು ಆಗುವುದಿಲ್ಲ ಅನ್ನುವವರಿದ್ದಾರೆ. ಅದು ತಪ್ಪು. ದೊಡ್ಡ ಮೊಲ ಮರಿಗಿಂತ ಬೇಗ ಕಲಿಯುತ್ತದೆ.

ಟ್ರೇ ಹೇಗಿರಬೇಕು

ಸಾಕುಪ್ರಾಣಿ ಅಂಗಡಿಯಲ್ಲಿ ಮೂಲೆಗೆ ಕೂರುವ ತ್ರಿಕೋನದ ಪುಟ್ಟ ಟ್ರೇ ತೋರಿಸುತ್ತಾರೆ. ತಗೋಬೇಡಿ. ಮೊಲ ಅದರಲ್ಲಿ ತಿರುಗಲೂ ಆಗುವುದಿಲ್ಲ, ಹುಲ್ಲು ಇಡಲೂ ಜಾಗ ಇಲ್ಲ. ಪಾತ್ರೆ ಅಂಗಡಿಗೆ ಹೋಗಿ ಒಂದೂವರೆ ಅಡಿ ಉದ್ದ, ಒಂದು ಅಡಿಗಿಂತ ಜಾಸ್ತಿ ಅಗಲದ ಪ್ಲಾಸ್ಟಿಕ್ ಟಬ್ ತನ್ನಿ. ಮೊಲ ಒಳಗೆ ಹೋಗಿ ಪೂರ್ತಿ ತಿರುಗಿ, ಕಾಲು ಚಾಚಿ ಕೂರುವಷ್ಟು ಜಾಗ ಇರಬೇಕು. ಅದು ಟ್ರೇಯಲ್ಲೇ ಮಲಗಿದರೆ ಗಾಬರಿಯಾಗಬೇಡಿ, ಜಾಗ ಇಷ್ಟವಾಗಿದೆ ಅಂತ ಅರ್ಥ.

ಮರಿ ಹತ್ತುವ ಕಡೆ ಅಂಚು ಎರಡು ಮೂರು ಇಂಚಿಗಿಂತ ಎತ್ತರ ಬೇಡ. ಮಿಕ್ಕ ಮೂರು ಕಡೆ ಎತ್ತರ ಇರಲಿ. ಮೊಲ ಮೂಲೆಗೆ ಬೆನ್ನು ಮಾಡಿ, ಬಾಲ ಎತ್ತಿ ಉಚ್ಚೆ ಹೊಯ್ಯುತ್ತದೆ. ಅಂಚು ಗಿಡ್ಡ ಇದ್ದರೆ ಅದು ಟ್ರೇ ಒಳಗೇ ಕೂತಿದ್ದರೂ ಉಚ್ಚೆ ಗೋಡೆಗೆ ಬೀಳುತ್ತದೆ. ನಾನು ಎತ್ತರದ ಟಬ್ ತಂದು ಒಂದು ಕಡೆ ಬಾಗಿಲಿನಂತೆ ಕತ್ತರಿಸಿದ್ದೇನೆ. ಕತ್ತರಿಸಿದ ಅಂಚಿಗೆ ದಪ್ಪ ಬಟ್ಟೆಯ ಪಟ್ಟಿ ಮಡಚಿ ಅಂಟಿಸಿದ್ದೇನೆ, ಹೊಟ್ಟೆಗೆ ತರಚಬಾರದು. ಕಡ್ಲೆ ಆ ಬಟ್ಟೆ ಕಡಿಯುತ್ತಾನಾ ಅಂತ ನೋಡುತ್ತಿರುತ್ತೇನೆ. ಮರಿ ಕಡಿಯುವ ಹಾಗಿದ್ದರೆ ಬಟ್ಟೆ ಬೇಡ, ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ ನುಣುಪು ಮಾಡಿ.

ಟ್ರೇ ಮೇಲೆ ತಂತಿ ಜಾಲರಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮೊಲದ ಪಾದಕ್ಕೆ ನಾಯಿ ಬೆಕ್ಕಿನ ಹಾಗೆ ದಪ್ಪ ಮೆತ್ತೆ ಇಲ್ಲ, ಬರೀ ಕೂದಲು. ತಂತಿ ಮೇಲೆ ಕೂತು ಕೂತು ಪಾದದಲ್ಲಿ ಹುಣ್ಣಾಗುತ್ತದೆ, ಅದು ವಾಸಿಯಾಗಲು ತುಂಬಾ ಕಾಲ ಬೇಕು.

ಒಳಗೆ ಏನು ಹಾಕಬೇಕು

ತಳಕ್ಕೆ ಹಳೆಯ ನ್ಯೂಸ್ ಪೇಪರ್ ನಾಲ್ಕೈದು ಪದರ. ಮಿರಮಿರ ಮಿಂಚುವ ಪುರವಣಿ ಪುಟಗಳು ಬೇಡ, ನೀರು ಹೀರುವುದಿಲ್ಲ. ಅದರ ಮೇಲೆ ಒಂದು ಇಂಚು ಮರದ ಪೆಲೆಟ್, ಅಂದರೆ ಒತ್ತಿ ಮಾಡಿದ ಸಣ್ಣ ಗುಳಿಗೆ, ಅಥವಾ ಕಾಗದದ ಪೆಲೆಟ್. ಬೆಕ್ಕಿಗೆ ಅಂತ ಮಾರುವ ಮರದ ಪೆಲೆಟ್ ಆಗುತ್ತದೆ, ಒಣಗಿಸಿ ಒತ್ತಿದ್ದು, ವಾಸನೆ ಬೆರೆಸಿರಬಾರದು. ಅದರ ಮೇಲೆ ಒಂದು ಕಡೆಗೆ ರಾಶಿ ಹುಲ್ಲು. ಪೆಲೆಟ್ ಸಿಗದಿದ್ದರೆ ಹರಿದ ಪೇಪರ್, ಹುಲ್ಲು ಎರಡೇ ಸಾಕು. ಆದರೆ ದಿನಾ ಬದಲಾಯಿಸಬೇಕು.

ಬೆಕ್ಕಿಗೆ ಮಾರುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣಿನ ಲಿಟರ್ (ಟ್ರೇಗೆ ಹಾಕುವ ಹರಳು) ಯಾವ ಕಾರಣಕ್ಕೂ ಬೇಡ. ಮರಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಆ ಮಣ್ಣು ಹೊಟ್ಟೆಯಲ್ಲಿ ಉಬ್ಬಿ ಕರುಳು ಕಟ್ಟುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ಬಡಗಿ ಅಂಗಡಿಯ ಮರದ ಪುಡಿ ಪುಕ್ಕಟೆ ಸಿಗುತ್ತದೆ ಅಂತ ತರಬೇಡಿ. ಧೂಳು ಶ್ವಾಸಕ್ಕೆ ಕೆಟ್ಟದ್ದು, ಪ್ಲೈವುಡ್ಡಿನ ಅಂಟೂ ಅದರಲ್ಲಿ ಸೇರಿರುತ್ತದೆ. ಘಮ್ ಅನ್ನುವ ಹಸಿ ಪೈನ್ ಸಿಪ್ಪೆಯೂ ಬೇಡ, ಆ ಎಣ್ಣೆಯ ಘಾಟು ಮೊಲದ ಲಿವರ್‌ಗೆ ಒಳ್ಳೆಯದಲ್ಲ.

ಹುಲ್ಲಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ಮೊಲದ ಊಟದಲ್ಲಿ ಹೆಚ್ಚೂಕಡಿಮೆ ಎಲ್ಲವೂ ಒಣಹುಲ್ಲೇ ಆಗಿರಬೇಕು. ಹೊರದೇಶದಿಂದ ಬರುವ ಟಿಮೋತಿ ಹುಲ್ಲು ಒಳ್ಳೆಯದು, ಆದರೆ ದುಬಾರಿ. ನಾನು ಅದರ ಜೊತೆ ಗರಿಕೆ ಬೆರೆಸುತ್ತೇನೆ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಹತ್ತಿರ ಕಟ್ಟು ಕಟ್ಟು ಸಿಗುತ್ತದೆ. ತಂದು ಚೆನ್ನಾಗಿ ತೊಳೆದು, ನೆರಳಲ್ಲಿ ಹರಡಿ, ಗರಿಗರಿ ಆಗುವವರೆಗೆ ಒಣಗಿಸುತ್ತೇನೆ. ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ, ಅದನ್ನು ಕೊಡಲೇಬಾರದು. ರಸ್ತೆ ಬದಿಯ, ಪಾರ್ಕಿನ ಹುಲ್ಲು ಕಿತ್ತು ತರಬೇಡಿ, ಯಾವ ಔಷಧಿ ಹೊಡೆದಿದ್ದಾರೋ ಗೊತ್ತಾಗುವುದಿಲ್ಲ. ಹಸುಗಳಿಗೆ ಬೆಳೆಯುವ ಕುದುರೆ ಮಸಾಲೆ ಸೊಪ್ಪು ಒಣಗಿಸಿದ್ದು ಬೆಳೆಯುವ ಮರಿಗೆ ಸರಿ. ಆರು ತಿಂಗಳು ದಾಟಿದ ಮೇಲೆ ಮೆಲ್ಲಗೆ ನಿಲ್ಲಿಸಿ, ಅದರಲ್ಲಿ ಸುಣ್ಣದಂಶ ಜಾಸ್ತಿ. ಭತ್ತದ ಹುಲ್ಲು ಮಲಗಲು ಹಾಸಬಹುದು, ಊಟಕ್ಕೆ ಅದರಲ್ಲಿ ಸತ್ವ ಸಾಲದು. ಯಾವ ಹೊಸ ಹುಲ್ಲನ್ನೂ ಮರಿಗೆ ಒಂದೇ ಸಲ ಕೊಡಬೇಡಿ, ಹಳೆಯದಕ್ಕೆ ಚೂರು ಚೂರೇ ಬೆರೆಸುತ್ತಾ ಬನ್ನಿ.

ಹುಲ್ಲನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಟ್ರೇ ಒಳಗಿನ ಒಂದು ತುದಿಯಲ್ಲಿ ಇಡಿ, ಅಥವಾ ಟ್ರೇ ಒಳಗೆ ಕೂತರೆ ಮಾತ್ರ ಬಾಯಿಗೆ ಸಿಗುವ ಹಾಗೆ ಅಂಚಿಗೆ ತೂಗುಹಾಕಿ. ಹೊರಗೆ ನಿಂತು ಎಳೆದುಕೊಂಡು ತಿನ್ನಲು ಬಂದರೆ ಹಿಕ್ಕೆಯೂ ಹೊರಗೇ ಬೀಳುತ್ತದೆ. ತಿನ್ನುವ ಹುಲ್ಲು ಗಲೀಜಾಗುವುದಿಲ್ಲವಾ ಅಂತ ಕೇಳುತ್ತಾರೆ. ಮೊಲ ತಲೆ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಇಟ್ಟು ಕೂರುತ್ತದೆ, ಒದ್ದೆಯಾದ ಹುಲ್ಲು ತಾನೇ ಮುಟ್ಟುವುದಿಲ್ಲ. ನೀವು ಬೆಳಿಗ್ಗೆ ಸಂಜೆ ಹೊಸ ಹುಲ್ಲು ಮೇಲೆ ಹಾಕುತ್ತಿರಿ.

ಶುರುವಿನ ದಿನಗಳು

ಮರಿಯನ್ನು ತಂದ ಕೂಡಲೇ ಮನೆಯೆಲ್ಲ ಬಿಡಬೇಡಿ. ನಾಲ್ಕು ಅಡಿಗೆ ನಾಲ್ಕು ಅಡಿ ಜಾಗಕ್ಕೆ ಮಡಚುವ ಜಾಲರಿ ಬೇಲಿ ಸಾಕು. ಅದರಲ್ಲಿ ಟ್ರೇ, ನೀರಿನ ಬಟ್ಟಲು, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬ. ಮೆತ್ತನೆಯ ಬಟ್ಟೆ, ದಿಂಬು, ಟವೆಲ್ ಈಗ ಬೇಡ. ಮೆತ್ತಗಿರುವುದೆಲ್ಲ ಮರಿಗೆ ಉಚ್ಚೆ ಹೊಯ್ಯುವ ಜಾಗವಾಗಿ ಕಾಣುತ್ತದೆ. ನನ್ನ ಕಟಿಂಗ್ ಟೇಬಲ್ ಕೆಳಗಿನ ಬಟ್ಟೆ ಚೂರುಗಳ ಚೀಲ ಈಗ ಅಟ್ಟಕ್ಕೆ ಹೋಗಿದೆ.

ನೆಲ ಜಾರದ ಹಾಗೆ ನೋಡಿಕೊಳ್ಳಿ. ನುಣುಪು ಟೈಲ್ಸ್ ಮೇಲೆ ಮೊಲದ ಕಾಲಿಗೆ ಹಿಡಿತ ಸಿಗುವುದಿಲ್ಲ, ಜಾರಿ ಹೆದರಿದ ಮರಿ ಟ್ರೇವರೆಗೂ ಹೋಗದೆ ಇದ್ದಲ್ಲೇ ಮುಗಿಸುತ್ತದೆ. ಬಣ್ಣ ಹಾಕದ ಹುಲ್ಲಿನ ಚಾಪೆ ಹಾಸಿ. ಕಡಿದು ತಿಂದರೂ ತೊಂದರೆಯಿಲ್ಲ. ಗೋಣಿಚೀಲದ ಉದ್ದ ನಾರು ಮಾತ್ರ ಹೊಟ್ಟೆಗೆ ಹೋಗಬಾರದು.

ಟ್ರೇಯನ್ನು ಒಂದು ಮೂಲೆಯಲ್ಲಿಟ್ಟು ಒಂದು ದಿನ ನೋಡಿ. ಮರಿ ಬೇರೆ ಮೂಲೆ ಹಿಡಿದರೆ ವಾದ ಮಾಡಬೇಡಿ, ಟ್ರೇಯನ್ನೇ ಅಲ್ಲಿಗೆ ಸರಿಸಿ. ಕಡ್ಲೆ ಕಿಟಕಿ ಕಡೆಯ ಮೂಲೆ ಹಿಡಿದ, ನಾನು ಅಂದುಕೊಂಡಿದ್ದು ಬಾಗಿಲ ಕಡೆಯದು. ಟ್ರೇ ಕಿಟಕಿ ಕಡೆಗೆ ಹೋಯಿತು. ಹೊರಗೆ ಬಿದ್ದ ಹಿಕ್ಕೆ ಗುಡಿಸಿ ಟ್ರೇಗೆ ಹಾಕಿ. ಹೊರಗಿನ ಉಚ್ಚೆಯನ್ನು ಕಾಗದದಲ್ಲಿ ಒತ್ತಿ, ಆ ಒದ್ದೆ ಕಾಗದವನ್ನೂ ಟ್ರೇಯಲ್ಲೇ ಇಡಿ. ಮೊಲಕ್ಕೆ ಜಾಗ ಗೊತ್ತಾಗುವುದು ಮೂಗಿನಿಂದ. ಇದೇ ಕಾರಣಕ್ಕೆ ಶುರುವಿನಲ್ಲಿ ಟ್ರೇಯನ್ನು ತಿಕ್ಕಿ ಪಳಪಳ ಮಾಡಬೇಡಿ. ಬದಲಾಯಿಸಿದಾಗಲೂ ಹಳೆಯದರ ಒಂದು ಹಿಡಿ ಉಳಿಸಿ.

ಮರಿ ಹಿಂದಕ್ಕೆ ಸರಿದು ಬಾಲ ಎತ್ತುವುದು ಕಂಡರೆ ಮೆಲ್ಲನೆ ಹೆಸರು ಕರೆದು, ಕೈ ಅಡ್ಡ ಇಟ್ಟು ಟ್ರೇ ಕಡೆ ನಡೆಸಿ. ಎತ್ತಿಕೊಂಡು ಓಡಬೇಡಿ. ಮೊಲಕ್ಕೆ ನೆಲ ಬಿಡುವುದೆಂದರೆ ಜೀವಭಯ. ಗಾಬರಿಯಲ್ಲಿ ಜೋರಾಗಿ ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಟ್ರೇಯಲ್ಲಿ ಮಾಡಿದ ತಕ್ಷಣ ಒಂದು ಎಲೆ ಕೊತ್ತಂಬರಿ ಕೊಡಿ. ಒಂದೇ ಎಲೆ, ಕಂತೆ ಅಲ್ಲ. ಬೈಯುವುದು, ಮೂಗು ಹಿಡಿದು ಉಜ್ಜುವುದು, ಹೊಡೆಯುವುದು ಯಾವುದೂ ಬೇಡ. ಪ್ರಾಣಿಯನ್ನು ಹೆದರಿಸಿ ಕಲಿಸಬಹುದು ಅನ್ನುವವರ ಮಾತು ಕೇಳಲೇಬೇಡಿ. ಮೊಲ ಅದರಿಂದ ಕಲಿಯುವುದು ನಿಮ್ಮನ್ನು ಕಂಡರೆ ಅಡಗಬೇಕು ಅಂತ ಮಾತ್ರ.

ಒಂದು ವಾರ ಹೊರಗೆ ಉಚ್ಚೆ ಕಾಣದಿದ್ದರೆ ಬೇಲಿ ಸ್ವಲ್ಪ ದೊಡ್ಡದು ಮಾಡಿ. ಆಮೇಲೆ ಅರ್ಧ ರೂಮು, ಆಮೇಲೆ ಇಡೀ ರೂಮು. ತಪ್ಪು ಜಾಸ್ತಿಯಾದರೆ ಮತ್ತೆ ಹಿಂದಿನ ಅಳತೆಗೆ ಬನ್ನಿ. ರೂಮು ದೊಡ್ಡದಿದ್ದರೆ ಇನ್ನೊಂದು ಟ್ರೇ ಇಡಿ. ಆಟದ ಮಧ್ಯೆ ಅಷ್ಟು ದೂರ ಓಡಿ ಹೋಗುವ ತಾಳ್ಮೆ ಮರಿಗಿಲ್ಲ.

ಯಾವುದು ತಪ್ಪು, ಯಾವುದು ಅಲ್ಲ

ಮೊಲ ದಿನಕ್ಕೆ ಇನ್ನೂರು ಮುನ್ನೂರು ಹಿಕ್ಕೆ ಹಾಕುತ್ತದೆ. ಅಷ್ಟರಲ್ಲಿ ನಾಲ್ಕಾರು ಹೊರಗೆ ಉರುಳಿದರೆ ಅದು ತಪ್ಪಲ್ಲ. ಒಣಗಿರುತ್ತವೆ, ವಾಸನೆಯಿಲ್ಲ, ಪೊರಕೆಯಲ್ಲಿ ಗುಡಿಸಿದರೆ ಆಯಿತು. ಬೇಲಿಯ ಅಂಚಿನಲ್ಲಿ ಸಾಲಾಗಿ ಹಾಕಿದರೆ ಅದು ಗಡಿ ಗುರುತು. ಕಡ್ಲೆ ಬಂದ ಮೇಲೆ, ಎಷ್ಟೋ ಕಾಲದಿಂದ ಟ್ರೇ ಬಿಟ್ಟು ಬೇರೆಡೆ ಹೋಗದ ಮಲ್ಲಿ ಕೂಡ ಅವನ ಬೇಲಿಯುದ್ದಕ್ಕೂ ಹಿಕ್ಕೆ ಹಾಕತೊಡಗಿದಳು. ಹೊಸ ಮೊಲ ಬಂದರೆ ಹೀಗಾಗುವುದು ಸಹಜ, ಇಬ್ಬರೂ ಒಗ್ಗಿದ ಮೇಲೆ ನಿಲ್ಲುತ್ತದೆ.

ಇನ್ನೊಂದು ಥರದ ಹಿಕ್ಕೆ ಇದೆ. ಮೆತ್ತಗೆ, ಹೊಳೆಯುತ್ತಾ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಇರುತ್ತದೆ, ವಾಸನೆಯೂ ಇರುತ್ತದೆ. ಇದನ್ನು ಮೊಲ ನೇರವಾಗಿ ಹಿಂಭಾಗದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಛೀ ಅಂತ ತಡೆಯಬೇಡಿ. ಹುಲ್ಲಿನ ಸತ್ವ, ವಿಟಮಿನ್ ಬಹಳಷ್ಟು ಅದಕ್ಕೆ ಸಿಗುವುದು ಈ ಎರಡನೇ ಸುತ್ತಿನಲ್ಲಿ. ಇದು ನೆಲದಲ್ಲಿ ಬಿದ್ದು ಅಂಟುತ್ತಿದ್ದರೆ ಟ್ರೇ ಕಲಿಕೆಯ ತೊಂದರೆ ಅಲ್ಲ, ಊಟದ ತೊಂದರೆ. ಪೆಲೆಟ್ ಆಹಾರ, ಹಣ್ಣು, ಕ್ಯಾರೆಟ್ ಜಾಸ್ತಿಯಾಗಿರುತ್ತದೆ. ಬಿಸ್ಕತ್ತು, ಬ್ರೆಡ್, ಚಪಾತಿ ಕೊಡುವುದಿದ್ದರೆ ಇವತ್ತೇ ನಿಲ್ಲಿಸಿ.

ಉಚ್ಚೆಯ ಬಣ್ಣ ನೋಡಿ ಹೊಸಬರು ಹೆದರುತ್ತಾರೆ. ತಿಳಿ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಎಲ್ಲವೂ ಬರಬಹುದು, ತಿಂದ ಸೊಪ್ಪಿನ ಬಣ್ಣ ಅದು. ಒಣಗಿದ ಮೇಲೆ ಬಿಳಿ ಪುಡಿ ಉಳಿಯುವುದೂ ಸಹಜ. ಹೆಚ್ಚಾದ ಸುಣ್ಣದಂಶವನ್ನು ಮೊಲ ಉಚ್ಚೆಯಲ್ಲೇ ಹೊರಹಾಕುತ್ತದೆ. ಆದರೆ ಉಚ್ಚೆ ಪೇಸ್ಟಿನಂತೆ ಗಟ್ಟಿಯಾಗಿದ್ದರೆ, ರಕ್ತದ ಗೆರೆ ಕಂಡರೆ, ಉಚ್ಚೆಗೆ ತಿಣುಕುತ್ತಾ ಕೂತಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಆ ಬಿಳಿ ಕಲೆಗೆ ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಸಾಕು. ಅಷ್ಟೇ ನೀರು ಬೆರೆಸಿ ಟ್ರೇಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಎದ್ದು ಬರುತ್ತದೆ. ನೆಲ ಮಾರ್ಬಲ್, ಮೊಸಾಯಿಕ್ ಅಥವಾ ರೆಡ್ ಆಕ್ಸೈಡ್ ಆಗಿದ್ದರೆ ಅಲ್ಲಿ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಅಲ್ಲಿಗೆ ಸಾಬೂನು ನೀರು ಹಾಕಿ ಒರೆಸಿ. ವಿನೆಗರ್ ಮತ್ತು ಬ್ಲೀಚ್ ಯಾವತ್ತೂ ಸೇರಿಸಬಾರದು, ವಿಷಗಾಳಿ ಬರುತ್ತದೆ. ಮೊಲ ಇರುವ ರೂಮಿಗೆ ಫಿನಾಯಿಲ್ ಬೇಡ, ಊದಿನಕಡ್ಡಿ ಬೇಡ, ನುಸಿಗುಳಿಗೆಯಂತೂ ಬೇಡವೇ ಬೇಡ.

ನಾಲ್ಕನೇ ತಿಂಗಳ ನಂತರ

ಎಲ್ಲ ಸರಿಹೋಯಿತು ಅನ್ನುವಾಗ ಮರಿಗೆ ಪ್ರಾಯ ಬರುತ್ತದೆ. ಗಂಡು ಕಾಲ ಸುತ್ತ ಓಡುತ್ತಾ ಉಚ್ಚೆ ಚಿಮುಕಿಸುತ್ತದೆ. ಹೆಣ್ಣು ಟ್ರೇ ಕೆದರುತ್ತದೆ, ಹಾಸಿಗೆ ಹತ್ತಿ ಗುರುತು ಹಾಕುತ್ತದೆ. ತುಂಬಾ ಜನ ಮೊಲವನ್ನು ಬೇರೆಯವರಿಗೆ ಕೊಟ್ಟುಬಿಡುವುದು ಇದೇ ಹಂತದಲ್ಲಿ. ನನಗೆ ಅದು ಬಹಳ ನೋವಿನ ವಿಷಯ, ಯಾಕೆಂದರೆ ಇದಕ್ಕೆ ಪರಿಹಾರ ಇದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗಂಡಿಗೆ ನಾಲ್ಕು ತಿಂಗಳ ಸುಮಾರಿಗೆ, ಹೆಣ್ಣಿಗೆ ಐದಾರು ತಿಂಗಳಿಗೆ ಸಾಮಾನ್ಯವಾಗಿ ಮಾಡುತ್ತಾರೆ. ಕೆಲವು ವಾರಗಳಲ್ಲಿ ಹಾರ್ಮೋನು ಇಳಿದು ಹಳೆಯ ಅಭ್ಯಾಸ ವಾಪಸ್ ಬರುತ್ತದೆ. ಹೆಣ್ಣು ಮೊಲಕ್ಕೆ ಇನ್ನೊಂದು ಲಾಭ ಇದೆ. ಆಪರೇಷನ್ ಆಗದ ಹೆಣ್ಣುಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಸಾಮಾನ್ಯ. ಮಲ್ಲಿಗೆ ಮಾಡಿಸಿದ ಮೇಲೆ ನನ್ನ ಬಟ್ಟೆ ರಾಶಿಗೂ ನೆಮ್ಮದಿ, ನನಗೂ ನೆಮ್ಮದಿ.

ಮೊಲಗಳಿಗೆ ಆಪರೇಷನ್ ಮಾಡಿ ಅನುಭವ ಇರುವ ಡಾಕ್ಟರನ್ನೇ ಹುಡುಕಿ. ಒಂದು ಪ್ರಶ್ನೆ ಕೇಳಿ ನೋಡಿ: ಹಿಂದಿನ ರಾತ್ರಿಯಿಂದ ಉಪವಾಸ ಇಡಬೇಕಾ? ನಾಯಿಯ ಹಾಗೆ ರಾತ್ರಿಯಿಡೀ ಉಪವಾಸ ಇಡಿ ಅಂದರೆ ಬೇರೆಯವರನ್ನು ನೋಡಿ. ಮೊಲಕ್ಕೆ ವಾಂತಿಯಾಗುವುದಿಲ್ಲ, ಅದರ ಕರುಳು ನಿಲ್ಲಲೂ ಬಾರದು. ಗಂಡಿಗೆ ಆಪರೇಷನ್ ಆದ ಮೇಲೂ ಆರು ವಾರ ಹೆಣ್ಣಿನಿಂದ ದೂರ ಇಡಿ, ಅಲ್ಲಿಯವರೆಗೂ ಮರಿ ಆಗುವ ಸಾಧ್ಯತೆ ಇರುತ್ತದೆ. ಅಂಗಡಿಯವರು ಎರಡೂ ಹೆಣ್ಣು ಅಂತ ಹೇಳಿ ಕೊಟ್ಟಿದ್ದರೂ ಡಾಕ್ಟರ್ ಹತ್ತಿರ ಒಮ್ಮೆ ನೋಡಿಸಿ. ಮೊಲ ಗಬ್ಬ ಧರಿಸಿ ಮರಿ ಹಾಕಲು ಒಂದು ತಿಂಗಳು ಸಾಕು.

ಚೆನ್ನಾಗಿ ಟ್ರೇ ಬಳಸುತ್ತಿದ್ದ ಮೊಲ ಇದ್ದಕ್ಕಿದ್ದಂತೆ ಬಿಟ್ಟರೆ ಹಟ ಅಂದುಕೊಳ್ಳಬೇಡಿ. ಉಚ್ಚೆ ಚೀಲದ ಸೋಂಕು, ಕಲ್ಲು, ಕಾಲು ಬೆನ್ನಿನ ನೋವು ಇರಬಹುದು. ಬಾಲದ ಕೆಳಗೆ ದಿನಾ ನೋಡಿ. ಅಲ್ಲಿ ಒದ್ದೆ ಇದ್ದರೆ ನೊಣ ಮೊಟ್ಟೆ ಇಟ್ಟು ಹುಳ ಆಗುತ್ತದೆ, ನಮ್ಮ ಹವೆಗೆ ಅದು ಬೇಗ ಆಗುವ ತೊಂದರೆ. ಮಾರ್ಚ್ ಏಪ್ರಿಲ್‌ನಲ್ಲಿ ಟ್ರೇಯನ್ನು ತಂಪಾದ ಮೂಲೆಗೆ ಸರಿಸಿ, ಬಿಸಿಲು ಬೀಳುವ ಜಾಗಕ್ಕೆ ಮೊಲ ಹೋಗುವುದಿಲ್ಲ. 30 ಡಿಗ್ರಿ ದಾಟಿದರೆ ಅದಕ್ಕೆ ಜೀವಕ್ಕೇ ಅಪಾಯ.

ಟ್ರೇ ಇದ್ದರೆ ಮನೆ ಚೊಕ್ಕಟ, ಸರಿ. ನನಗೆ ಅದಕ್ಕಿಂತ ದೊಡ್ಡ ಉಪಯೋಗ ಮೊಲದ ಆರೋಗ್ಯ ಒಂದೇ ಜಾಗದಲ್ಲಿ ಕಾಣುವುದು. ಮೊಲ ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ, ಕೂಗುವುದಿಲ್ಲ. ಬೆಳಿಗ್ಗೆ ಮಿಷನ್ ಮುಂದೆ ಕೂರುವ ಮೊದಲು ನಾನು ಟ್ರೇ ನೋಡುತ್ತೇನೆ. ಹಿಕ್ಕೆ ದುಂಡಗೆ, ಒಂದೇ ಅಳತೆಗೆ ಇವೆಯಾ? ಚಿಕ್ಕದಾಗಿವೆಯಾ? ಕೂದಲಿನ ಎಳೆಯಲ್ಲಿ ಪೋಣಿಸಿದ ಹಾಗಿವೆಯಾ? ಚಿಕ್ಕದಾದರೆ ಹುಲ್ಲು ಕಡಿಮೆ ತಿಂದಿದೆ, ಎಳೆಯಲ್ಲಿ ಸಿಕ್ಕಿದ್ದರೆ ಮೈ ಕೂದಲು ಬಾಚಬೇಕು. ಅರ್ಧ ದಿನ ಹಿಕ್ಕೆಯೇ ಇಲ್ಲ, ಊಟವೂ ಮುಟ್ಟಿಲ್ಲ ಅಂದರೆ ಕರುಳು ನಿಂತಿರಬಹುದು. ನಾಳೆ ನೋಡೋಣ ಅನ್ನದೆ ಅವತ್ತೇ ಡಾಕ್ಟರ್ ಹತ್ತಿರ ಓಡಿ. ಮರಿಗೆ ನೀರು ನೀರಾಗಿ ಬೇದಿಯಾದರೂ ಅಷ್ಟೇ.

ಟ್ರೇಯಿಂದ ತೆಗೆದ ಒಣ ಹಿಕ್ಕೆಯನ್ನು ಎಸೆಯಬೇಡಿ. ಕೋಳಿ ಗೊಬ್ಬರದ ಹಾಗೆ ಕಳಿಯಲು ಕಾಯಬೇಕಿಲ್ಲ, ನೇರವಾಗಿ ಕುಂಡಕ್ಕೆ ಹಾಕಬಹುದು. ನಾನು ಮೆಟ್ಟಿಲ ಪಕ್ಕದ ಗುಲಾಬಿಗೂ ದೊಡ್ಡಪತ್ರೆಗೂ ಒಂದೊಂದು ಹಿಡಿ ಹಾಕಿ ಮೇಲೆ ಮಣ್ಣು ಮುಚ್ಚುತ್ತೇನೆ. ಉಚ್ಚೆಯಲ್ಲಿ ನೆಂದ ಪೆಲೆಟ್, ಕಾಗದ ಮಾತ್ರ ಗಿಡಕ್ಕೆ ನೇರ ಹಾಕಬೇಡಿ, ಬೇರು ಸುಡುತ್ತದೆ. ಅದನ್ನು ಒಣ ಎಲೆಯ ಜೊತೆ ಕಾಂಪೋಸ್ಟ್ ಡ್ರಮ್ಮಿಗೆ ಹಾಕಿ, ಪೂರ್ತಿ ಮಣ್ಣಾದ ಮೇಲೆ ಬಳಸಿ.